ಬಂಧನ ಕೇಂದ್ರವೋ, ಬ್ರೀಫ್ ಬರೆಯುವ ಕಚೇರಿಯೋ: ನನ್ನ ಎರಡು ಬೇಸಿಗೆಗಳು

ಅಮೆರಿಕದಲ್ಲಿ ಕಾನೂನು ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ. ವಲಸಿಗರ ಹಕ್ಕುಗಳ ಇಂಟರ್ನ್‌ಶಿಪ್ ಮಾಡಬೇಕೆಂದರೆ ಕಕ್ಷಿದಾರರನ್ನು ನೇರವಾಗಿ ಕಾಣುವ ಸಂಸ್ಥೆ ಒಳ್ಳೆಯದೋ, ದೊಡ್ಡ ಮೊಕದ್ದಮೆ ನಡೆಸುವ ಕಚೇರಿಯೋ? ಎರಡರಲ್ಲೂ ಒಂದೊಂದು ಬೇಸಿಗೆ ಕಳೆದಿದ್ದೇನೆ. ಮೊದಲನೆಯದು ದಕ್ಷಿಣದ ಒಂದು ರಾಜ್ಯದಲ್ಲಿ, ವಲಸಿಗರ ಬಂಧನ ಕೇಂದ್ರದಲ್ಲಿರುವವರಿಗೆ ಉಚಿತ ಕಾನೂನು ನೆರವು ನೀಡುವ ಪುಟ್ಟ ಸಂಸ್ಥೆ. ಎರಡನೆಯದು ವಾಷಿಂಗ್ಟನ್ನಿನಲ್ಲಿ, ಮೇಲ್ಮನವಿ ನ್ಯಾಯಾಲಯಗಳಿಗೆ ಬ್ರೀಫ್, ಅಂದರೆ ಲಿಖಿತ ವಾದ, ಬರೆಯುವ ಕಚೇರಿ.

ಅಮೆರಿಕದಲ್ಲಿ ಗಡೀಪಾರು ಪ್ರಕರಣ ಕ್ರಿಮಿನಲ್ ಅಲ್ಲ, ಸಿವಿಲ್. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. ವಿಚಾರಣೆ ನಡೆಸುವ ನ್ಯಾಯಾಧೀಶರು ಕೂಡ ನ್ಯಾಯಾಂಗಕ್ಕೆ ಸೇರಿದವರಲ್ಲ, ನ್ಯಾಯ ಇಲಾಖೆಯ ನೌಕರರು. ಹಾಗಾಗಿ ಬಂಧನದಲ್ಲಿರುವವರ ಪಾಲಿಗೆ ಎರಡನೇ ವರ್ಷಕ್ಕೂ ಕಾಲಿಡದ ವಿದ್ಯಾರ್ಥಿಯೇ ಎಷ್ಟೋ ಸಲ ಸಿಗುವ ಏಕೈಕ ಕಾನೂನಿನ ಮುಖ. ಇದು ಹೆಮ್ಮೆಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸಿತು.

ಮೊಬೈಲನ್ನು ಲಾಕರಿನಲ್ಲಿಟ್ಟು, ಗಾಜಿನ ಈಚೆ ಕುಳಿತು, ಫೋನಿನಲ್ಲಿ ಮಾತು. ಮೆಕ್ಸಿಕೋ ಗಡಿ ದಾಟಿ ಬಂದ ಪಂಜಾಬ್, ಹರಿಯಾಣದ ಹುಡುಗರಿದ್ದುದರಿಂದ ನನ್ನ ಹಿಂದಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ನನ್ನದು ಶಿವಮೊಗ್ಗದ ಶಾಲೆಯ ತೃತೀಯ ಭಾಷೆಯ ಹಿಂದಿ. ನ್ಯಾಯಾಲಯಕ್ಕೆ ಬೇರೆ ಭಾಷೆಯ ಕಾಗದ ಕೊಟ್ಟರೆ ಅನುವಾದ ಲಗತ್ತಿಸಬೇಕು, ಅನುವಾದಿಸಿದವರು ತಮಗೆ ಆ ಭಾಷೆ ಬರುತ್ತದೆ ಎಂದು ಸಹಿ ಹಾಕಬೇಕು. ಒಬ್ಬನ ಚಿಕ್ಕಪ್ಪ ಬರೆದ ಪತ್ರದಲ್ಲಿ ಬೆದರಿಸುವವರು ‘ಪ್ರಾಯಃ’ ಮನೆಗೆ ಬರುತ್ತಿದ್ದರು ಎಂದಿತ್ತು. ನಾನು ‘ಬಹುಶಃ ಬರುತ್ತಿದ್ದರು’ ಎಂದು ಅನುವಾದಿಸಿದೆ. ದೆಹಲಿಯ ಸಹಪಾಠಿ ನೋಡಿ ತಲೆ ಚಚ್ಚಿಕೊಂಡಳು: ಹಿಂದಿಯಲ್ಲಿ ಅದಕ್ಕೆ ‘ಪದೇ ಪದೇ’ ಎಂದರ್ಥ. ಸಾಕ್ಷ್ಯವೊಂದು ನನ್ನ ಕನ್ನಡದಿಂದಾಗಿ ಊಹೆಯಾಗಿಬಿಡುತ್ತಿತ್ತು! ಆಮೇಲೆ ಒಬ್ಬಳೇ ಯಾವ ಅನುವಾದಕ್ಕೂ ಸಹಿ ಹಾಕಲಿಲ್ಲ.

ಕಾನೂನು ಕಲಿತದ್ದೂ ಅಲ್ಲೇ. ಆಶ್ರಯ (ಅಸೈಲಮ್) ಬೇಕಾದರೆ ಜೀವಭಯವಿದ್ದರಷ್ಟೇ ಸಾಲದು. ಅದಕ್ಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಕಾರಣವಾಗಿರಬೇಕು. ಬಡ್ಡಿ ಸಾಲ ಕೊಟ್ಟವನು ಕೊಲ್ಲುತ್ತಾನೆ ಎಂದು ನಡುಗುತ್ತಿದ್ದ ಒಬ್ಬನ ಭಯ ನಿಜವಾಗಿತ್ತು. ಅದು ಆ ಐದರಲ್ಲಿ ಯಾವುದಕ್ಕೂ ಒಗ್ಗಲಿಲ್ಲ. ಅವನಿಗೆ ಅದನ್ನು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು, ಏಕೆಂದರೆ ಆ ಸಂಸ್ಥೆಯಲ್ಲಿ ಹಿಂದಿ ಬಲ್ಲವಳು ನಾನೊಬ್ಬಳೇ.

ಕೊರತೆಯೂ ಇತ್ತು. ಮೇಲ್ವಿಚಾರಕ ವಕೀಲರಿಗೆ ಉಸಿರಾಡಲು ಸಮಯವಿರಲಿಲ್ಲ. ನಾನು ಬರೆದ ಹೇಳಿಕೆಗಳನ್ನು ಕಾರಿನಲ್ಲೇ ಓದಿ, ಎರಡು ತಿದ್ದುಪಡಿ ಹೇಳಿ, ಮುಂದಿನ ಕಡತ ತೆಗೆಯುತ್ತಿದ್ದರು.

ವಾಷಿಂಗ್ಟನ್ನಿನಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ. ಒಂದು ಅಡಿಟಿಪ್ಪಣಿಗೆ ಮೂರು ದಿನ. ಪ್ರತಿ ವಾಕ್ಯಕ್ಕೂ ಕೆಂಪು ಶಾಯಿ. ಆ ಬೇಸಿಗೆಯಲ್ಲಿ ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲದ ತೀರ್ಪು, 2021ರ ನಿಜ್-ಚಾವೇಜ್ ಪ್ರಕರಣದ್ದು. ಹತ್ತು ವರ್ಷ ನಿರಂತರವಾಗಿ ನೆಲೆಸಿದ ಕೆಲವರು ಗಡೀಪಾರು ರದ್ದುಪಡಿಸುವಂತೆ ಕೇಳಬಹುದು. ಸರ್ಕಾರ ಹಾಜರಾತಿಯ ನೋಟಿಸ್ ಕೊಟ್ಟ ದಿನ ಆ ವರ್ಷಗಳ ಎಣಿಕೆ ನಿಲ್ಲುತ್ತದೆ. ಸರ್ಕಾರವೋ ಮೊದಲು ವಿಚಾರಣೆಯ ದಿನಾಂಕವಿಲ್ಲದ ಒಂದು ಕಾಗದ, ಆಮೇಲೆ ದಿನಾಂಕದ ಇನ್ನೊಂದು ಕಾಗದ ಕಳುಹಿಸುತ್ತಿತ್ತು. ಕಾಯ್ದೆಯಲ್ಲಿ ನೋಟಿಸ್ ಪದಕ್ಕೆ ಮುಂಚೆ ಇಂಗ್ಲಿಷಿನ ‘ಎ’ (ಒಂದು) ಇದೆ, ಆದ್ದರಿಂದ ಎಲ್ಲ ವಿವರವೂ ಒಂದೇ ಕಾಗದದಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಹೇಳಿತು. ಕನ್ನಡದಲ್ಲಿ ಬರೆದ ಕಾಯ್ದೆಯಾಗಿದ್ದರೆ ಬರೀ ‘ನೋಟಿಸ್ ನೀಡತಕ್ಕದ್ದು’ ಎಂದಿರುತ್ತಿತ್ತು, ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ ಎಂದು ನಾನು ಹೇಳಿದಾಗ ಕಚೇರಿಯಲ್ಲಿ ಯಾರೂ ನಗಲಿಲ್ಲ. ಆದರೆ ಇಡೀ ಬೇಸಿಗೆಯಲ್ಲಿ ಒಬ್ಬ ಕಕ್ಷಿದಾರನ ಮುಖವನ್ನೂ ನಾನು ನೋಡಲಿಲ್ಲ.

ಸಂಬಳ ಎರಡು ಕಡೆಯೂ ಸೊನ್ನೆ. ಕಾನೂನು ಕಾಲೇಜು ಕೊಟ್ಟ ಬೇಸಿಗೆ ಅನುದಾನ ಸಣ್ಣ ಊರಿನಲ್ಲಿ ಊಟಕ್ಕೂ ಪೆಟ್ರೋಲಿಗೂ ಸಾಕಾಯಿತು. ವಾಷಿಂಗ್ಟನ್ನಿನಲ್ಲಿ ಬಾಡಿಗೆಯೇ ಅದನ್ನು ನುಂಗಿತು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಇನ್ನೊಂದನ್ನು ಗಮನಿಸಬೇಕು. ಸಂಬಳವಿಲ್ಲದ ಕೆಲಸ ತಾನೇ ಎಂದು ಸುಮ್ಮನೆ ಸೇರಿಬಿಡಬೇಡಿ. ಓದಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಕೊಡುವ ಸಿಪಿಟಿ ಅನುಮತಿ ಬೇಕೇ ಎಂದು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮೊದಲೇ ಕೇಳಿ. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸದೆ ಅದು ಸಿಗುವುದಿಲ್ಲ. ಬೇರೆಯವರ ವಲಸೆ ಸ್ಥಿತಿಯನ್ನು ಕಾಯಲು ಹೋಗಿ ನಮ್ಮದನ್ನೇ ಕಳೆದುಕೊಳ್ಳುವುದು ಬೇಡ. ಪಾಸ್‌ಪೋರ್ಟ್ ಹಿಡಿದು ಬಂಧನ ಕೇಂದ್ರದ ಬಾಗಿಲಲ್ಲಿ ನಿಂತಾಗಲೆಲ್ಲ ನನಗೆ ಅದೇ ಯೋಚನೆ.

ಕಾಲೇಜಿನದೇ ಕ್ಲಿನಿಕ್, ಅಂದರೆ ವಿದ್ಯಾರ್ಥಿಗಳು ನಿಜವಾದ ಪ್ರಕರಣ ನಡೆಸುವ ಕಾನೂನು ನೆರವಿನ ಘಟಕ, ಮೂರನೆಯ ದಾರಿ. ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯೇ ವಲಸೆ ನ್ಯಾಯಾಲಯದಲ್ಲಿ ಹಾಜರಾಗಲು ನಿಯಮದಲ್ಲಿ ಅವಕಾಶವಿದೆ. ನನಗೆ ಸಿಕ್ಕಿದ್ದು ಒಂದೇ ಕಡತ, ಅದರ ವಿಚಾರಣೆಯೂ ಮುಂದಕ್ಕೆ ಹೋಯಿತು.

ಒಂದನ್ನೇ ಆರಿಸಿ ಎಂದರೆ ಮೊದಲ ಬೇಸಿಗೆಗೆ ನಾನು ಬಂಧನ ಕೇಂದ್ರವನ್ನೇ ಹೇಳುತ್ತೇನೆ. ದಿನಾಂಕವಿಲ್ಲದ ನೋಟಿಸನ್ನು ಗಾಜಿಗೆ ಒತ್ತಿ ಹಿಡಿದು “ದೀದಿ, ಇದರಲ್ಲಿ ಯಾವಾಗ ಅಂತ ಬರೆದಿದೆ?” ಎಂದು ಕೇಳಿದವನನ್ನು ನೋಡಿದ್ದರಿಂದಲೇ ಆ ‘ಎ’ ಮೇಲೆ ಹನ್ನೆರಡು ಪುಟ ಬರೆಯಲು ನನಗೆ ಬೇಸರವಾಗಲಿಲ್ಲ. ಆದರೆ ಸಂದರ್ಶನದಲ್ಲಿ ತಪ್ಪದೆ ಕೇಳಿ: ನಿಮ್ಮ ವಕೀಲರೊಬ್ಬರ ಕೈಯಲ್ಲಿ ಈಗ ಎಷ್ಟು ಕಡತಗಳಿವೆ, ನಾನು ಬರೆದದ್ದನ್ನು ಯಾರು ಓದುತ್ತಾರೆ, ಯಾವ ವಾರ? ಉತ್ತರ ಕೊಡಲು ತಡವರಿಸಿದರೆ ಬೇರೆ ಸಂಸ್ಥೆ ಹುಡುಕಿ.