ಟ್ಯಾಂಕ್ ಕೊಂಡ ದಿನವೇ ಮೀನು ತರಬೇಡಿ

ಮೊದಲ ಸಲ ಮನೆಗೆ ಅಕ್ವೇರಿಯಂ ತರುವ ಯೋಚನೆ ಇದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ಟ್ಯಾಂಕು, ಫಿಲ್ಟರು, ಕಲ್ಲು, ಮೀನು ಎಲ್ಲವನ್ನೂ ಒಂದೇ ದಿನ ಒಂದೇ ಬಿಲ್ಲಿನಲ್ಲಿ ಕಟ್ಟಿ ಕೊಡುವ ಅಂಗಡಿ ಸಿಕ್ಕರೆ, ಟ್ಯಾಂಕ್ ಬೇಕಾದರೆ ತಗೊಳ್ಳಿ. ಮೀನು ಮಾತ್ರ ಬೇಡ. ಮೀನಿಗೆ ಒಂದು ತಿಂಗಳು ಬಿಟ್ಟು ಹೋಗಿ. ಅಂಗಡಿಯವರು ಏನು ಹೇಳಿದರೂ ಸರಿ.

ನಮಗೆ ಸಿಕ್ಕಿದ್ದು ಅಂಥದ್ದೇ ಅಂಗಡಿ. ಬೆಂಗಳೂರಿನಲ್ಲಿ ಹೊಸ ಮನೆಗೆ ಬಂದಿದ್ದೆವು. ಹಾಲ್‌ನಲ್ಲಿ ಒಂದು ಮೀನಿನ ತೊಟ್ಟಿ ಇದ್ದರೆ ಚೆನ್ನ ಅಂತ ಮಗಳಿಗೆ ಆಸೆ. ವಾಸ್ತುವಿಗೂ ಒಳ್ಳೆಯದು ಅಂತ ನಮ್ಮತ್ತೆಗೆ ನಂಬಿಕೆ. ಅಂಗಡಿಯವನು ಎರಡಡಿ ಟ್ಯಾಂಕ್ ತೋರಿಸಿ, "ಮೇಡಂ, ಒಂಬತ್ತು ಗೋಲ್ಡ್ ಫಿಶ್ ಹಾಕಿ. ಎಂಟು ಕೆಂಪು, ಒಂದು ಕಪ್ಪು. ಮನೆಗೆ ತುಂಬಾ ಒಳ್ಳೇದು" ಅಂದ. ಜೊತೆಗೆ ಒಂದು ಸಕ್ಕರ್ ಫಿಶ್ ಫ್ರೀ. ಟ್ಯಾಂಕ್ ಅದೇ ಕ್ಲೀನ್ ಮಾಡುತ್ತಂತೆ. ನೀರು ತುಂಬಿಸಿ ಒಂದು ರಾತ್ರಿ ಬಿಡಿ, ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕಿ, ಬೆಳಿಗ್ಗೆ ಮೀನು ಬಿಡಿ, ದಿನಕ್ಕೆ ಮೂರು ಸಲ ಊಟ ಕೊಡಿ, ರಾತ್ರಿ ಫಿಲ್ಟರ್ ಆಫ್ ಮಾಡಿ. ಇಷ್ಟೇ ಅಂದ. ಚಾಚೂ ತಪ್ಪದೆ ಹಾಗೇ ಮಾಡಿದೆವು.

ಎರಡು ದಿನ ನೋಡೋಕೆ ಚೆಂದ ಇತ್ತು. ಆಮೇಲೆ ನೀರಿಗೆ ಹಾಲು ಬೆರೆಸಿದ ಹಾಗೆ ಒಂದು ಮಬ್ಬು ಬಂತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಟ್ಟು ಬಿಟ್ಟು ಮುಚ್ಚುತ್ತಿದ್ದವು. ಊಟ ಕೇಳ್ತಿವೆ ಅಂತ ಮಗಳು ಇನ್ನಷ್ಟು ಹಾಕೋಕೆ ಹೋದಳು. ಅವು ಕೇಳುತ್ತಿದ್ದದ್ದು ಊಟ ಅಲ್ಲ, ಉಸಿರು. ಹತ್ತಿರ ಹೋಗಿ ನೋಡಿದರೆ ಕಿವಿರಿನ ಅಂಚು ಕೆಂಪಗೆ ಊದಿಕೊಂಡಿತ್ತು. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದ್ದವು. ಮೊದಲು ಹೋಗಿದ್ದು ಕಪ್ಪು ಮೀನು. ದಪ್ಪ ಕಣ್ಣಿನ, ನಿಧಾನವಾಗಿ ಓಡಾಡುತ್ತಿದ್ದ ಬಡಪಾಯಿ. ಬೆಳಿಗ್ಗೆ ನೋಡಿದರೆ ಕಲ್ಲಿನ ಮೇಲೆ ಅಡ್ಡ ಬಿದ್ದಿತ್ತು.

ನಮ್ಮತ್ತೆ ಮಗಳ ತಲೆ ಸವರಿ, "ಅಳಬೇಡ ಕಂದಾ, ಮನೆ ಮೇಲೆ ಬಿದ್ದ ದೃಷ್ಟೀನೆಲ್ಲ ಅದು ತಗೊಂಡು ಹೋಯ್ತು" ಅಂದರು. ಅವರು ಪ್ರೀತಿಯಿಂದ ಹೇಳಿದ್ದು. ಆ ಮಾತಿನ ಮೇಲೆ ನನಗೆ ಕೋಪ ಇಲ್ಲ. ಆದರೆ ಅಂಗಡಿಯವನೂ ಅದನ್ನೇ ಹೇಳಿದ. "ಒಳ್ಳೇದೇ ಆಯ್ತಲ್ಲ ಮೇಡಂ. ಆದ್ರೆ ಒಂಬತ್ತು ಇರಲೇಬೇಕು, ಎಂಟು ಇಟ್ಕೋಬಾರ್ದು. ಇನ್ನೊಂದು ತಗೊಂಡು ಹೋಗಿ" ಅಂದ. ನೀರು ಮಬ್ಬಾಗಿದೆ ಅಂದಿದ್ದಕ್ಕೆ, ಪೂರ್ತಿ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಸ್ಪಂಜು ಎಲ್ಲ ಕಲ್ಲುಪ್ಪು ಹಾಕಿ ತಿಕ್ಕಿ ತೊಳೆಯಿರಿ ಅಂದ. ಜೊತೆಗೆ ಒಂದು ನೀಲಿ ಔಷಧಿ ಬಾಟ್ಲಿ ಕೊಟ್ಟ.

ಇಲ್ಲೇ ನೋಡಿ ವಿಷಯ ಇರೋದು. ಮೀನು ಸತ್ತರೆ ದೃಷ್ಟಿ ಹೋಯ್ತು, ಲೆಕ್ಕ ತುಂಬಿಸೋಕೆ ಹೊಸದು ಬೇಕು, ಹೊಸದು ತರೋ ಮೊದಲು ಟ್ಯಾಂಕ್ ತೊಳೀಬೇಕು, ತೊಳೆದ ಟ್ಯಾಂಕಿನಲ್ಲಿ ಅದೂ ಸಾಯುತ್ತೆ. ಯಾಕೆ ಸತ್ತಿತು ಅಂತ ಯಾರೂ ಕೇಳಲ್ಲ. ನಮ್ಮ ಮನೆಯಲ್ಲಿ ಒಂದಾದ ಮೇಲೆ ಒಂದು ಹೋಗುತ್ತಲೇ ಇದ್ದವು. ಹೋದಷ್ಟೂ ತರುತ್ತಲೇ ಇದ್ದೆವು.

ಕೇಳಿದ್ದು ಮೇಲಿನ ಫ್ಲೋರಿನ ಹುಡುಗ. ಅವನ ಮನೆಯಲ್ಲಿ ಗಿಡ ತುಂಬಿದ ದೊಡ್ಡ ಟ್ಯಾಂಕ್ ಇದೆ. "ಆಂಟಿ, ಅಮೋನಿಯಾ ಟೆಸ್ಟ್ ಮಾಡಿದ್ರಾ?" ಅಂದ. ನಮ್ಮ ಟ್ಯಾಂಕಿನ ನೀರು ಒಂದು ಸಣ್ಣ ಗಾಜಿನ ಕೊಳವೆಗೆ ತುಂಬಿ, ಹನಿ ಹಾಕಿ, ಮುಚ್ಚಳ ಹಾಕಿ ಅಲ್ಲಾಡಿಸಿ ಇಟ್ಟ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗೇ ಇರಬೇಕು. ಅವನು ತನ್ನ ಟ್ಯಾಂಕಿನ ನೀರಿಗೂ ಪಕ್ಕದಲ್ಲೇ ಹಾಕಿ ತೋರಿಸಿದ, ಅದು ನಿಂಬೆಹಣ್ಣಿನ ಬಣ್ಣದಲ್ಲೇ ನಿಂತಿತು. ನಮ್ಮದು ನೋಡ ನೋಡುತ್ತಾ ಗಾಢ ಹಸಿರಾಯಿತು. ಆ ಹೊತ್ತಿಗೆ ನಮ್ಮ ಟ್ಯಾಂಕಿನ ನೀರು ಕಣ್ಣಿಗೆ ಕನ್ನಡಿಯ ಹಾಗಿತ್ತು, ಹಿಂದಿನ ದಿನವಷ್ಟೇ ಪೂರ್ತಿ ಬದಲಿಸಿದ್ದೆವು. ತಿಳಿಯಾಗಿದೆ ಅಂದ ಮಾತ್ರಕ್ಕೆ ಮೀನಿಗೆ ಒಳ್ಳೆಯ ನೀರು ಅಲ್ಲ. ಅಮೋನಿಯಾ ಕಣ್ಣಿಗೆ ಕಾಣೋದೇ ಇಲ್ಲ.

ಅದು ಬರೋದು ಎಲ್ಲಿಂದ? ಮೀನಿನಿಂದಲೇ. ಅದರ ಕಿವಿರಿನಿಂದ ಹೊರಬರುತ್ತದೆ, ಹೇಲಿನಿಂದ ಬರುತ್ತದೆ, ತಿನ್ನದೆ ಕೊಳೆತ ಊಟದಿಂದಲೂ ಬರುತ್ತದೆ. ಕೆರೆ ಹೊಳೆಯಲ್ಲಿ ನೀರು ಬೇಕಾದಷ್ಟಿರುತ್ತದೆ, ಕೆಸರಿನಲ್ಲಿ, ಕಲ್ಲಿನ ಮೇಲೆ ಬ್ಯಾಕ್ಟೀರಿಯಾಗಳೂ ಇರುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಗಿಡ ಹೀರುತ್ತದೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಇರೋದೇ ಇಲ್ಲ. ಅವು ಸ್ಪಂಜಿನ ಮೇಲೆ, ಕಲ್ಲಿನ ಮೇಲೆ ಬೆಳೆದು ನೆಲೆಯಾಗೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಟ್ಯಾಂಕ್ ಸೈಕಲ್ ಆಗೋದು ಅಂತಾರೆ. ಅಂಗಡಿಯಲ್ಲಿ ಈ ಮಾತನ್ನು ಒಬ್ಬರೂ ಎತ್ತಲಿಲ್ಲ.

ಈಗ ಆ "ಉಪ್ಪು ಹಾಕಿ ತಿಕ್ಕಿ ತೊಳೆಯಿರಿ" ಅನ್ನೋ ಸಲಹೆಯನ್ನು ಇನ್ನೊಂದು ಸಲ ಓದಿ. ಅಷ್ಟಿಷ್ಟು ಹುಟ್ಟಿಕೊಂಡ ಬ್ಯಾಕ್ಟೀರಿಯಾವನ್ನೂ ಪ್ರತಿ ಸಲ ನಲ್ಲಿ ನೀರಿನಲ್ಲಿ ತೊಳೆದು ಮೋರಿಗೆ ಬಿಟ್ಟ ಹಾಗಾಯಿತು. ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರ್ ಇರುವ ಟ್ಯಾಂಕಿಗೇ ಸುರಿದರೆ ಅದೂ ಇವುಗಳಿಗೆ ಪೆಟ್ಟು. ರಾತ್ರಿ ಫಿಲ್ಟರ್ ಆಫ್ ಮಾಡಿದರೆ ಸ್ಪಂಜಿನೊಳಗೆ ಆಮ್ಲಜನಕ ಸಿಗದೆ ಅಲ್ಲೂ ಸಾಯುತ್ತವೆ. ಕರೆಂಟ್ ಬಿಲ್ಲಿನ ಭಯ ಬೇಡ. 5 ವ್ಯಾಟಿನ ಸಣ್ಣ ಫಿಲ್ಟರ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ.

ನೀರಿನ ವಿಷಯದಲ್ಲಿ ಬೆಂಗಳೂರಿನವರು ಇನ್ನೂ ಹುಷಾರಾಗಿರಬೇಕು. ಎಷ್ಟೋ ಮನೆಗಳಲ್ಲಿ ಕಾವೇರಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಒಂದೇ ಸಂಪಿಗೆ ಬೀಳುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರನ್ನು ಸುಡುತ್ತದೆ. ಅದಕ್ಕೆ ಆಂಟಿ ಕ್ಲೋರಿನ್ ಬೇಕೇ ಬೇಕು, ಅದೂ ಬಾಟ್ಲಿ ಮೇಲೆ ಬರೆದಿರುವ ಲೆಕ್ಕದಲ್ಲಿ, ಸುಮ್ನೆ ನಾಲ್ಕು ಹನಿ ಅಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಕಂಠಮಟ್ಟ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ, ಆ ಲೆಕ್ಕ ಇಟ್ಟುಕೊಳ್ಳಿ. ಬೋರ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ) ಜಾಸ್ತಿ. ಪಿಎಚ್ ಏರಿದ ಹಾಗೆ ಅಮೋನಿಯಾದ ವಿಷವೂ ಏರುತ್ತದೆ. ಟೆಸ್ಟ್‌ನಲ್ಲಿ ಕಾಣುವ ಅಮೋನಿಯಾ ಒಂದೇ ಆದರೂ ಪಿಎಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅದರ ವಿಷದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು. ಅಂಗಡಿಯಲ್ಲಿ ಬದುಕಿದ್ದ ಮೀನು ನಿಮ್ಮ ಮನೆಯಲ್ಲಿ ಬೇಗ ಸಾಯೋಕೆ ಇದೂ ಒಂದು ಕಾರಣ ಇರಬಹುದು. ಹಾಗಂತ ಬರೀ ಆರ್‌ಒ ನೀರು ತುಂಬಿಸಬೇಡಿ. ಅದರಲ್ಲಿ ಮೀನಿಗೆ ಬೇಕಾದ ಲವಣಾಂಶವೇ ಇರುವುದಿಲ್ಲ.

ಗೋಲ್ಡ್ ಫಿಶ್ ಬಗ್ಗೆ ನನಗೆ ತುಂಬಾ ನೋವಿದೆ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಇರುವ ಮೀನು ಚೆನ್ನಾಗಿ ಸಾಕಿದರೆ ಆರು ಇಂಚು, ಎಂಟು ಇಂಚು ಬೆಳೆಯುತ್ತದೆ. ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ನಮ್ಮಲ್ಲಿ ಅದು ಹದಿನೈದು ದಿನದ ಮೀನು ಅಂತಲೇ ಎಷ್ಟೋ ಜನ ಅಂದುಕೊಂಡುಬಿಟ್ಟಿದ್ದಾರೆ. ಅದು ಜಾಸ್ತಿ ತಿನ್ನುತ್ತದೆ, ಜಾಸ್ತಿ ಗಲೀಜು ಮಾಡುತ್ತದೆ. ಎರಡಡಿ ಟ್ಯಾಂಕಿಗೆ ಒಂಬತ್ತು ಅಲ್ಲ, ಒಂದು ಜೋಡಿ ಕೂಡ ಬೆಳೆದ ಮೇಲೆ ಇಕ್ಕಟ್ಟು. ಸಾಲದ್ದಕ್ಕೆ ಅಂಗಡಿಯವನು ನಮಗೆ ಹೀಟರ್ ಬೇರೆ ಕೊಟ್ಟಿದ್ದ. ಗೋಲ್ಡ್ ಫಿಶ್ ತಣ್ಣನೆ ನೀರಿನ ಮೀನು, ಬೆಂಗಳೂರಿನ ಹವೆಯಲ್ಲಿ ಅದಕ್ಕೆ ಹೀಟರ್ ಬೇಡವೇ ಬೇಡ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ.

ಫ್ರೀ ಸಕ್ಕರ್ ಫಿಶ್ ಕೂಡ ಬೇಡ ಅನ್ನಿ. ಅದು ಬೇರೆ ಮೀನಿನ ಹೇಲು ತಿನ್ನಲ್ಲ, ತಾನೇ ರಾಶಿ ಹೇಲು ಹಾಕುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಜಾತಿ ಒಂದಡಿಗೂ ಮೀರಿ ಬೆಳೆಯುತ್ತದೆ. ಆಮೇಲೆ ಜನ ಅದನ್ನು ಪುಣ್ಯ ಬರಲಿ ಅಂತ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಹಾಗೇ ಸೇರಿಕೊಂಡು ಕೇರಳ, ತಮಿಳುನಾಡು, ಆಂಧ್ರದ ಕೆರೆ ಹೊಂಡಗಳಲ್ಲಿ ಊರ ಮೀನಿಗೆ ಕಂಟಕವಾಗಿದೆ. ಮೀನುಗಾರರ ಬಲೆಗೆ ಸಿಕ್ಕರೆ ಅದರ ಮುಳ್ಳಿಗೆ ಬಲೆಯೇ ಹರಿಯುತ್ತದೆ. ಸಾಕೋಕೆ ಆಗದ ಮೀನನ್ನು ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.

ಹಾಗಾದರೆ ಶುರು ಮಾಡೋದು ಹೇಗೆ? ಮೇಲಿನ ಮನೆ ಹುಡುಗ ಹೇಳಿಕೊಟ್ಟ ಹಾಗೆ ನಾವು ಆಮೇಲೆ ಮಾಡಿದ್ದು ಇದು. ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಹಾಸಿ, ನೀರು ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಹಾಕಿ ಓಡಲು ಬಿಡಿ. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕಿ. ಅದು ಕೊಳೆತು ಅಮೋನಿಯಾ ಬರುತ್ತದೆ, ಬ್ಯಾಕ್ಟೀರಿಯಾಗೆ ಅದೇ ಆಹಾರ. ಅವನು ತನ್ನ ಹಳೇ ಫಿಲ್ಟರಿನ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ ನಮ್ಮ ಫಿಲ್ಟರಿಗೆ ಸಿಕ್ಕಿಸಿದ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಗೊತ್ತಿರುವವರ ಹತ್ತಿರ ಆರೋಗ್ಯವಾಗಿರುವ ಹಳೇ ಟ್ಯಾಂಕ್ ಇದ್ದರೆ ಖಂಡಿತ ಕೇಳಿ ತಗೊಳ್ಳಿ, ಕಾಯುವ ಸಮಯ ಎಷ್ಟೋ ಉಳಿಯುತ್ತದೆ. ಹನಿ ಹಾಕುವ ಟೆಸ್ಟ್ ಕಿಟ್‌ಗೆ ದುಡ್ಡು ಕೊಡೋಕೆ ಹಿಂದೆ ಮುಂದೆ ನೋಡಬೇಡಿ. ಬಣ್ಣದ ಕಲ್ಲು, ಗುಳ್ಳೆ ಬಿಡುವ ಬೊಂಬೆ, ಪ್ಲಾಸ್ಟಿಕ್ ಗಿಡ ಇವಕ್ಕೆಲ್ಲ ಕೊಡುವ ದುಡ್ಡಿನಲ್ಲೇ ಅದು ಬರುತ್ತದೆ.

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಾಣುತ್ತಿದೆ ಅಂದರೆ ಟ್ಯಾಂಕ್ ರೆಡಿ. ಆಗಲೂ ಎಲ್ಲ ಮೀನು ಒಟ್ಟಿಗೆ ಬೇಡ. ಮೂರೋ ನಾಲ್ಕೋ ತಂದು, ಒಂದು ವಾರ ನೋಡಿ, ಟೆಸ್ಟ್ ಮಾಡಿ, ಆಮೇಲೆ ಉಳಿದವು. ನಮ್ಮ ಗಡಸು ನೀರಿಗೆ ಗಪ್ಪಿ ಚೆನ್ನಾಗಿ ಒಗ್ಗುತ್ತದೆ. ಗಂಡು ಮೀನುಗಳನ್ನೇ ತಗೊಂಡರೆ ಮರಿ ತುಂಬಿಕೊಳ್ಳುವ ಕಾಟ ಇರಲ್ಲ. ಜೀಬ್ರಾ ಡ್ಯಾನಿಯೋ ನಮ್ಮ ದೇಶದ ಹಳ್ಳ ಹೊಳೆಗಳದ್ದೇ ಮೀನು, ಗಟ್ಟಿ ಜೀವ, ಗುಂಪಾಗಿ ಓಡಾಡುವುದು ನೋಡೋಕೆ ಖುಷಿ. ಅಂಗಡಿಯಲ್ಲಿ ಗುಲಾಬಿ, ನೇರಳೆ ಬಣ್ಣ ಹಾಕಿದ ಟೆಟ್ರಾ ಮೀನು ತೋರಿಸಿದರೆ ಬೇಡ ಅನ್ನಿ. ಆ ಬಣ್ಣ ಹಾಕುವಾಗ ಮೀನಿಗೆ ಆಗುವ ಹಿಂಸೆ ಕಡಿಮೆ ಅಲ್ಲ.

ಈಗಾಗಲೇ ಮೀನು ತಂದಾಗಿದೆ, ಅವು ಮೇಲೆ ಬಂದು ಬಾಯಿ ಬಿಡುತ್ತಿವೆ ಅನ್ನೋರಿಗೆ ಇಷ್ಟು ಹೇಳುತ್ತೇನೆ. ಇವತ್ತಿಂದ ಎರಡು ದಿನ ಊಟ ನಿಲ್ಲಿಸಿ, ಎರಡು ದಿನಕ್ಕೆ ಮೀನಿಗೇನೂ ಆಗಲ್ಲ. ಏರ್ ಪಂಪ್ ಇದ್ದರೆ ಹಾಕಿ. ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ. ಮೂರನೇ ಒಂದು ಭಾಗ ನೀರು ತೆಗೆದು, ಕ್ಲೋರಿನ್ ತೆಗೆದ ಅಷ್ಟೇ ತಂಪಿನ ನೀರು ನಿಧಾನವಾಗಿ ತುಂಬಿ. ಅಮೋನಿಯಾ ಇಳಿಯುವ ತನಕ ದಿನಾ ಹೀಗೇ ಮಾಡಿ. ಸತ್ತ ಮೀನನ್ನು ತಕ್ಷಣ ತೆಗೆಯಿರಿ, ಅದರ ಜಾಗಕ್ಕೆ ಹೊಸದು ತರಬೇಡಿ, ಲೆಕ್ಕ ಎಂಟಾದರೂ ಸರಿ, ಏಳಾದರೂ ಸರಿ. ಕಲ್ಲು ತೊಳೆಯಬೇಡಿ. ಸ್ಪಂಜು ತೀರಾ ಕಟ್ಟಿಕೊಂಡಿದ್ದರೆ ನಲ್ಲಿಯ ಕೆಳಗೆ ಹಿಡಿಯದೆ, ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟು ಅದರಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕಿ.