ಯುಪಿಐ, ಲೈಟ್, ಇ-ರುಪಾಯಿ: ಇದರಲ್ಲಿ ನಗದು ಯಾವುದು?

ಅಂಗಡಿಯ ಕ್ಯೂಆರ್‌ಗೆ 200 ರೂಪಾಯಿ ಕಟ್ಟುವಾಗ ಮೂರೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಬೇಕೆಂದರೆ ಮರುದಿನ ಪಾಸ್‌ಬುಕ್ ತೆರೆದು ನೋಡಿ.

ಯುಪಿಐನಲ್ಲಿ ಹಣ ಫೋನಿಗೆ ಬರುವುದೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ಬ್ಯಾಂಕಿಗೊಂದು ಆದೇಶ. ಇಲ್ಲಿ ಕಳೆದು ಅಲ್ಲಿ ಕೂಡಿಸುತ್ತಾರೆ, ಪಾಸ್‌ಬುಕ್ಕಿನಲ್ಲಿ ಪ್ರತಿ ಟೀಗೂ ಒಂದು ಸಾಲು. ನಡುವೆ ಸರ್ವರ್ ಕೈಕೊಟ್ಟರೆ ನಿಮ್ಮಲ್ಲಿ ಕಡಿತವಾಗಿರುತ್ತದೆ, ಅಲ್ಲಿ ಜಮಾ ಆಗಿರುವುದಿಲ್ಲ. ಆರ್‌ಬಿಐ ನಿಯಮದಂತೆ ವ್ಯಕ್ತಿಗೆ ಕಳಿಸಿದ್ದು 1 ದಿನದಲ್ಲಿ, ಅಂಗಡಿಗೆ ಕಟ್ಟಿದ್ದು 5 ದಿನದಲ್ಲಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ನೋಟಿಗೆ ಇಂಥ ನಿಯಮವೇ ಬೇಡ, ಕೈಬದಲಾದರೆ ಲೆಕ್ಕ ಚುಕ್ತಾ.

ಲೈಟ್ ಎಂದರೆ ಯುಪಿಐ ಆಪ್‌ನೊಳಗೇ ಸಣ್ಣ ಪಾವತಿಗಿರುವ ಕಿರುಚೀಲ. ಅದಕ್ಕೆ 5,000 ರೂ. ವರೆಗೆ ತುಂಬಬಹುದು, ಒಮ್ಮೆಗೆ 1,000 ರೂ. ತನಕ ಪಿನ್ ಕೇಳುವುದಿಲ್ಲ. ಪಾಸ್‌ಬುಕ್ಕಿನಲ್ಲಿ ತುಂಬಿದ ಸಾಲು ಮಾತ್ರ ಇರುತ್ತದೆ. ಹಾಗೆಂದು ಇದು ನಗದಲ್ಲ. ಅಸಲು ಹಣ ಬ್ಯಾಂಕಿನಲ್ಲೇ ಕೂತಿದೆ. ಆಪ್ ತೆಗೆಯುವ ಅಥವಾ ಫೋನ್ ಬದಲಿಸುವ ಮುಂಚೆ ಬಾಕಿಯನ್ನು ಖಾತೆಗೆ ವರ್ಗಾಯಿಸಿಕೊಳ್ಳಿ, ಇಲ್ಲವಾದರೆ ಬ್ಯಾಂಕಿಗೆ ಅಲೆಯಬೇಕಾದೀತು.

ಆರ್‌ಬಿಐಯೇ ಹೊರಡಿಸುವ ಡಿಜಿಟಲ್ ಹಣವಾದ ಇ-ರುಪಾಯಿ ಬೇರೆ ಜಾತಿ. 2022ರ ಡಿಸೆಂಬರ್ 1ರಂದು ಜನಬಳಕೆಯ ಪ್ರಯೋಗ ಶುರುವಾದ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ನೋಟು-ನಾಣ್ಯದ ಹಾಗೇ ಮುಖಬೆಲೆ ಇದೆ, ಬಡ್ಡಿ ಇಲ್ಲ. ಇಲ್ಲಿ ನಿಮಗೆ ಹಣ ಕೊಡಬೇಕಾದದ್ದು ಬ್ಯಾಂಕ್ ಅಲ್ಲ, ನೇರ ಆರ್‌ಬಿಐ. ಖಾತೆಯ ಹಣಕ್ಕೆ 5 ಲಕ್ಷದ ಠೇವಣಿ ವಿಮೆ ಬೇಕಾಗುವುದೂ ಇದಕ್ಕೆ ಬೇಡವಾಗುವುದೂ ಅದಕ್ಕೇ. ಪಾಸ್‌ಬುಕ್ಕಿನಲ್ಲಿ ತುಂಬಿದ್ದು ಬಿಟ್ಟರೆ ಖರ್ಚಿನ ಸುಳಿವಿಲ್ಲ. ಆದರೆ ವಾಲೆಟ್ ನಿಮ್ಮ ಸಿಮ್ಮಿಗೆ ಕಟ್ಟಿಕೊಂಡಿದೆ, ಅದನ್ನು ಕೊಟ್ಟ ಬ್ಯಾಂಕಿಗೆ ನೀವು ಯಾರೆಂದು ಗೊತ್ತು. ಕಾನೂನಿನ ಲೆಕ್ಕದಲ್ಲಿ ನಗದು, ಗುಟ್ಟಿನ ಲೆಕ್ಕದಲ್ಲಿ ಅರ್ಧ ನಗದು ಎನ್ನಬಹುದು.

ಕೊಡುವವರ ಗುಟ್ಟು ಕಾಯುವ ಡಿಜಿಟಲ್ ನಗದಿನ ದಾರಿ ತೋರಿಸಿದವರು ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚೌಮ್, 1982ರಲ್ಲಿ. ಡಿಜಿಟಲ್ ನಾಣ್ಯದ ಮೂಲ ಪೀಡೆ ನಕಲು: ಫೈಲ್ ಕಾಪಿ ಮಾಡಿ ಎರಡು ಕಡೆ ಖರ್ಚು ಮಾಡಬಹುದು. ನಂಬರ್ ಹಾಕಿ ಪತ್ತೆ ಹಚ್ಚೋಣವೆಂದರೆ ಗಿರಾಕಿಯ ಗುಟ್ಟು ಹೋಯಿತು. ಚೌಮ್ ಉಪಾಯ ಹೀಗೆ: ನಾಣ್ಯದ ನಂಬರನ್ನು ನಿಮ್ಮ ಫೋನೇ ಆರಿಸಿ, ಗುಪ್ತ ಸಂಖ್ಯೆಯೊಂದರಿಂದ ಗುಣಿಸಿ ಮರೆಮಾಡಿ ಕಳಿಸುತ್ತದೆ. ಬ್ಯಾಂಕ್ ಖಾತೆಯಲ್ಲಿ ಹಣ ಕಳೆದು, ಕಾಣದ ನಂಬರಿಗೇ ಸಹಿ ಹಾಕುತ್ತದೆ. ಫೋನ್ ಆ ಮರೆಯನ್ನು ಭಾಗಿಸಿ ತೆಗೆಯುತ್ತದೆ, ಸಹಿ ಉಳಿಯುತ್ತದೆ. ಅಂಗಡಿಯವರು ಜಮಾ ಮಾಡಿದಾಗ ಬ್ಯಾಂಕ್ ಸಹಿಯನ್ನೂ ಖರ್ಚಾದ ನಂಬರುಗಳ ಪಟ್ಟಿಯನ್ನೂ ನೋಡುತ್ತದೆ. ಯಾರಿಗೆ ಕೊಟ್ಟ ನಾಣ್ಯವೆಂದು ಅದಕ್ಕೇ ತಿಳಿಯದು. ಅವರ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾಯಿತು. ಇದೇ ತತ್ವ ಈಗ ಜಿಎನ್‌ಯು ಟೇಲರ್ ಎಂಬ ಮುಕ್ತ ತಂತ್ರಾಂಶದ ಪಾವತಿ ವ್ಯವಸ್ಥೆಯಲ್ಲಿದೆ. ಬಿಟ್‌ಕಾಯಿನ್? ಅದರ ಖಾತೆಪುಸ್ತಕ ಊರಿಗೆಲ್ಲ ತೆರೆದಿದೆ, ಪಾವತಿಗಳ ಒಂದು ಕಂತೆ (ಬ್ಲಾಕ್) ಅದರಲ್ಲಿ ಸೇರಲು ಸರಾಸರಿ 10 ನಿಮಿಷ. ಟೀ ಆರಿಹೋಗುತ್ತದೆ.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ‘ಯುಪಿಐ ಇಲ್ಲ’ ಬೋರ್ಡು ಬಿದ್ದವು. ಚೌಮ್ ನಾಣ್ಯ ಇದ್ದಿದ್ದರೂ ಆ ನೋಟಿಸ್ ತಪ್ಪುತ್ತಿರಲಿಲ್ಲ: ಜಮಾ ಮಾಡುವವರ ಆದಾಯ ಬ್ಯಾಂಕಿಗೆ ಕಂಡೇ ಕಾಣುತ್ತದೆ. ಮರೆಯಾಗುವುದು ಕೊಟ್ಟವರ ಹೆಸರು ಮಾತ್ರ. ಎರಡೂ ಕಡೆ ಮರೆಮಾಡುವುದು ಕಾಗದದ ನೋಟು.