ದಾವಣಗೆರೆಯಲ್ಲಿ ಮಕ್ಕಳಿಗೆ ಸ್ಪೆಷಲ್ ಟ್ಯೂಷನ್ ಹುಡುಕ್ತಿರೋರು ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ದಯವಿಟ್ಟು ಪೂರ್ತಿ ಓದಿ. ನಮ್ಮ ಕೈಯಿಂದ 28,000 ರೂಪಾಯಿ ಹೋಯ್ತು, ಅದನ್ನ ದುಡಿದು ತೀರಿಸ್ಬೋದು, ಆದ್ರೆ ಮಗನ ಐದು ತಿಂಗಳು ಹೋಯ್ತಲ್ಲ ಅದನ್ನ ಯಾರೂ ವಾಪಸ್ ಕೊಡಲ್ಲ. ಇನ್ನೊಬ್ರಿಗೆ ಹಿಂಗಾಗ್ಬಾರ್ದು ಅಂತ ಬರೀತಿದೀನಿ.

ನಮ್ಮ ಹುಡುಗ ಆರನೇ ಕ್ಲಾಸು. ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ತುಂಗಾ ಭದ್ರಾ ಎಲ್ಲಿ ಸೇರ್ತಾವೆ ಅಂದ್ರೆ ಕೂಡ್ಲಿ ಅಂತಾನೆ, ಬಾಯಿಲೆಕ್ಕ ನನಗಿಂತ ಬೇಗ ಮಾಡ್ತಾನೆ, ಆದ್ರೆ ಪುಸ್ತಕ ತೆಗೆದು ಓದು ಅಂದ್ರೆ ಕೂತಲ್ಲೇ ಬೆವರ್ತಾನೆ. ಒತ್ತಕ್ಷರ ಅವನ ಕಣ್ಣಿಗೆ ಬೀಳೋದೇ ಇಲ್ವೇನೋ ಅನ್ನೋ ಹಂಗೆ ಬಿಟ್ಟೇ ಓದ್ತಾನೆ, ಅಜ್ಜಿ ಇದ್ದದ್ದು ಅಜಿ ಆಗುತ್ತೆ, ಮ ಮತ್ತೆ ವ ಅದಲು ಬದಲು. ಸ್ಕೂಟಿ ಹಿಂದೆ ಕೂತ್ಕೊಂಡು ದಾರಿಲಿ ಬರೋ ಬೋರ್ಡೆಲ್ಲ ಓದೋ ಅಭ್ಯಾಸ ಅವನಿಗೆ, ಜಯದೇವ ಸರ್ಕಲ್ ದಾಟಿದ್ ಮೇಲೆ "ಬೆಣೆ ದೋಸೆ, ಬೆಣೆ ದೋಸೆ" ಅಂತ ಓದ್ತಾ ಬರೋನು, ದಾವಣಗೆರೇಲಿ ಹುಟ್ಟಿದ ಹುಡುಗ ಬೆಣ್ಣೆನ ಬೆಣೆ ಅಂತಾನಲ್ಲ ಅಂತ ನಾವೂ ಮೊದ್ಲು ನಗ್ತಿದ್ವಿ. ಆಮೇಲೆ ಕ್ಲಾಸ್ ಟೀಚರೇ ಕರೆದು, ಇದು ಸೋಮಾರಿತನ ಅಲ್ಲ ಅನ್ಸುತ್ತೆ, ಒಂದ್ಸಲ ಗೊತ್ತಿರೋರಿಗೆ ತೋರ್ಸಿ ಅಂದ್ರು. ಅವರು ಹೇಳಿದ್ದು ಸರಿನೇ ಇತ್ತು. ನಾವು ತೋರಿಸಿದ ಜಾಗ ತಪ್ಪಾಯ್ತು.

ಯಾರಿಗೆ ತೋರಿಸ್ಬೇಕು ಅಂತ ಗೊತ್ತಿಲ್ದೆ ಫೋನಲ್ಲಿ ಹುಡುಕ್ದೆ, ಅಕ್ಕಪಕ್ಕ ಕೇಳ್ದೆ. ನಮ್ಮ ನಾದಿನಿ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ಲು, ಓದೋಕೆ ಕಷ್ಟ ಇರೋ ಮಕ್ಕಳ ಅಪ್ಪ ಅಮ್ಮಂದಿರ ಕ್ಲಬ್ಬು ಅಂತ, 1,000 ರೂಪಾಯಿ ಮೆಂಬರ್‌ಶಿಪ್. ನಿಜ ಹೇಳ್ಬೇಕಂದ್ರೆ ಸೇರಿದ ಮೊದಲ ವಾರ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ನಮ್ಮ ಥರದೋರು ಇನ್ನೂ ಇದಾರೆ ಅಂತ ಗೊತ್ತಾಗಿ ರಾತ್ರಿ ಕೂತು ಎಲ್ಲರ ಮೆಸೇಜ್ ಓದಿ ಅತ್ತಿದೀನಿ. ಆ ಸಮಾಧಾನದಲ್ಲೇ ನಾನು ಏನೂ ಪ್ರಶ್ನೆ ಕೇಳ್ಲಿಲ್ಲ.

ಗ್ರೂಪಲ್ಲಿ ಯಾರೇ ಏನೇ ಕೇಳಿದ್ರೂ ಉತ್ತರ ಒಂದೇ, ಇಂಥ ಟ್ರಸ್ಟಿಗೆ ಹೋಗಿ, ಅವರು ಒಳ್ಳೆ ಟೀಚರ್ ಕೊಡ್ತಾರೆ, ನಮ್ಮ ಮಗು ಮೂರೇ ತಿಂಗಳಲ್ಲಿ ಪೇಪರ್ ಓದ್ತಿದೆ ಅಂತ. ಗೂಗಲ್ಲಲ್ಲಿ ನೋಡಿದ್ರೆ ಎಲ್ಲಾ ಐದು ಸ್ಟಾರು. ಆಮೇಲೆ ತಿಳ್ಕೊಂಡಿದ್ದು ಏನಂದ್ರೆ ಗ್ರೂಪ್ ಅಡ್ಮಿನ್, ಟ್ರಸ್ಟ್ ನಡೆಸೋರು, ಟೀಚರ್ ಕಳ್ಸೋರು ಎಲ್ಲಾ ಒಂದೇ ಮನೆಯೋರು, ಆ ಐದು ಸ್ಟಾರೆಲ್ಲ ಹತ್ತು ದಿನದೊಳಗೆ ಹಾಕಿರೋವು, ತಾರೀಕು ನೋಡೋಕೆ ನನಗೆ ಆಗ ಹೊಳೀಲಿಲ್ಲ. ಮೂರು ಜನ ಬೇರೆ ಬೇರೆ ಹೇಳಿದ್ರು ಅಂತ ನಂಬಿದ್ದೆ, ಮೂರೂ ಒಂದೇ ಬಾಯಿ.

ಆಫೀಸಿಗೆ ಹೋದ್ವಿ. ಗೋಡೆ ತುಂಬ ಫೋಟೋ, ಶಾಲು ಹಾರ ಹಾಕಿಸ್ಕೊಂಡಿರೋವು. ಹುಡುಗನ್ನ ಒಳಗೆ ಕರ್ಕೊಂಡು ಹೋಗಿ ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದು "ಸಿವಿಯರ್ ಡಿಸ್ಲೆಕ್ಸಿಯಾ ಅಮ್ಮಾ, ಈಗ ಬಂದಿದ್ದು ಒಳ್ಳೇದಾಯ್ತು, ಇನ್ನೊಂದು ವರ್ಷ ಬಿಟ್ಟಿದ್ರೆ ಕೈ ಮೀರ್ತಿತ್ತು" ಅಂದ್ರು (ಡಿಸ್ಲೆಕ್ಸಿಯಾ ಅಂದ್ರೆ ಓದೋಕೆ ಬರೆಯೋಕೆ ಕಷ್ಟ ಆಗೋ ಕಲಿಕಾ ನ್ಯೂನತೆ). ಆ ಮಾತು ಕೇಳಿ ನಮ್ಮನೆಯವ್ರು ಫೋನ್ ತೆಗೆದ್ರು ನೋಡಿ ಅಷ್ಟೇ. ರಿಜಿಸ್ಟ್ರೇಷನ್ 1,500, ಅಸೆಸ್‌ಮೆಂಟ್ 4,000, ಮನೆಗೆ ಬಂದು ಹೇಳಿಕೊಡೋ ಟೀಚರಿಗೆ ಮೂರು ತಿಂಗಳದ್ದು ಮೊದ್ಲೇ 18,000, ಯುಡಿಐಡಿ ಕಾರ್ಡ್ ಮಾಡಿಸಿಕೊಡೋಕೆ 3,500. ದುಡ್ಡು ಹೋಗಿದ್ದು ಟ್ರಸ್ಟ್ ಖಾತೆಗಲ್ಲ, ಯಾವುದೋ ವ್ಯಕ್ತಿ ಹೆಸರಿಗೆ. ಕೇಳಿದ್ದಕ್ಕೆ ಟ್ರಸ್ಟ್ ಖಾತೇಲಿ ಕೆವೈಸಿ ನಡೀತಿದೆ ಅಂದ್ರು. ರಶೀದಿ ಕೊಟ್ರು, ಮಡಚಿ ಪರ್ಸಲ್ಲಿ ಇಟ್ಕೊಂಡೆ, ಓದ್ಲಿಲ್ಲ.

ಯುಡಿಐಡಿ ಕಾರ್ಡ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡೋ ಗುರುತಿನ ಕಾರ್ಡ್ ಅದು, 2016ರ ಕಾಯ್ದೆಯಲ್ಲಿ 21 ಥರದ ವೈಕಲ್ಯ ಪಟ್ಟಿ ಮಾಡಿದಾರೆ, ಅದರಲ್ಲಿ ಕಲಿಕಾ ನ್ಯೂನತೆನೂ ಐತೆ. ಅರ್ಜಿಗೆ ಫೀಸೇ ಇಲ್ಲ, ಆನ್‌ಲೈನಲ್ಲಿ ನಾವೇ ಹಾಕ್ಬೋದು, ಆಮೇಲೆ ಸರ್ಕಾರ ಗೊತ್ತು ಮಾಡಿರೋ ಆಸ್ಪತ್ರೆಯ ಡಾಕ್ಟರು ನೋಡಿ ಸರ್ಟಿಫಿಕೇಟ್ ಕೊಡ್ತಾರೆ. ಹಳ್ಳಿ ಕಡೆ ಇದ್ರೆ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ರ ಕೇಳಿ, ಈ ಕೆಲ್ಸಕ್ಕೆ ಅಂತಾನೇ ಇಟ್ಟಿರ್ತಾರೆ ಅವರನ್ನ. ಇದಕ್ಕೆ ಯಾರಾದ್ರೂ ಸಾವಿರಗಟ್ಲೆ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಟೀಚರ್ ಬರೋಕೆ ಶುರು ಮಾಡಿದ್ರು. ವಾರಕ್ಕೆ ಐದು ದಿನ ಅಂದಿದ್ದು ಮೂರಾಯ್ತು, ಒಂದು ಗಂಟೆ ಅಂದಿದ್ದು ಮುಕ್ಕಾಲು ಗಂಟೆ. ರೂಮಿನ ಬಾಗಿಲು ಹಾಕ್ಬೇಕು, ಇಲ್ಲಾಂದ್ರೆ ಮಗುಗೆ ಕಾನ್ಸಂಟ್ರೇಷನ್ ಬರಲ್ಲ ಅಂದ್ರು, ನಾನೂ ಒಪ್ಪಿ ಕಾಫಿ ಮಾಡಿ ಬಾಗಿಲ ಹೊರಗೆ ಇಟ್ಟು ಬರ್ತಿದ್ದೆ. ನೋಟ್‌ಬುಕ್ ತೋರ್ಸೋರು. ಎಷ್ಟು ಚಂದ ಅಕ್ಷರ, ಪುಟಕ್ಕೊಂದು ಪುಟ ಒತ್ತಕ್ಷರ ಎಲ್ಲಾ ಸರಿ, ನಾನು ಫೋಟೋ ತೆಗೆದು ನಮ್ಮಮ್ಮಂಗೆ ಕಳಿಸಿದೀನಿ.

ಆದ್ರೆ ಹುಡುಗ ಸ್ಕೂಟಿ ಹಿಂದೆ ಕೂತು ಬೋರ್ಡ್ ಓದೋದು ನಿಲ್ಲಿಸ್ಬಿಟ್ಟಿದ್ದ. ಅದೊಂದು ಮಾತ್ರ ನನ್ನ ಮನಸ್ಸಿಗೆ ಚುಚ್ತಾ ಇತ್ತು. ಒಂದಿನ ಅವನು ಮಲಗಿದ್ ಮೇಲೆ ಆ ನೋಟ್‌ಬುಕ್ಕೂ ಸ್ಕೂಲ್ ನೋಟ್ಸೂ ಪಕ್ಕಪಕ್ಕ ಇಟ್ಕೊಂಡು ನೋಡ್ದೆ. ನಮ್ಮ ಹುಡುಗ ಅಕ್ಷರದ ಮೈ ಪೂರ್ತಿ ಬರೆದು ಕೊನೆಗೆ ತಲೆಕಟ್ಟು ಹಾಕ್ತಾನೆ, ಅದು ಯಾವಾಗ್ಲೂ ಅಕ್ಷರಕ್ಕೆ ಅಂಟದೆ ಮೇಲೆ ಹಾರ್ತಾ ಇರುತ್ತೆ. ಈ ನೋಟ್‌ಬುಕ್ಕಲ್ಲಿ ಮೊದಲನೇ ಪುಟ ಬಿಟ್ರೆ ತಲೆಕಟ್ಟೆಲ್ಲ ಒಂದೇ ಎಳೇಲಿ ಅಕ್ಷರದ ಜೊತೆ ಬಂದಿತ್ತು. ಬೆಳಿಗ್ಗೆ ತಿಂಡಿ ತಿನ್ನೋವಾಗ ಬೈಯದೆ ಗದರದೆ ಕೇಳ್ದೆ. "ಅವ್ರೇ ಬರಿತಿದ್ರು ಅಮ್ಮ, ನಂಗೆ ಮೊಬೈಲ್ ಕೊಟ್ಟಿರ್ತಿದ್ರು" ಅಂದ. ಮೊದಲನೇ ದಿನ ಒಂದು ಪುಟ ಅವನ ಕೈಲಿ ಬರೆಸಿ "ನಿನ್ ತಲೇಲಿ ಮಣ್ಣೈತೆ, ನಿಂಗೆ ಬರಲ್ಲ ಬಿಡು" ಅಂದಿದ್ರಂತೆ, ಅವತ್ತಿಂದ ಬರೆಸಿಲ್ಲ. ನಮಗ್ಯಾಕೆ ಹೇಳ್ಲಿಲ್ಲ ಅಂದ್ರೆ, "ಅಕ್ಷರ ಚೆನ್ನಾಗೈತೆ ಅಂತ ನೀನು ಖುಷಿಯಾಗಿದ್ದೆ" ಅಂದ. ಇದನ್ನ ಟೈಪ್ ಮಾಡೋವಾಗ್ಲೂ ಹೊಟ್ಟೆ ಉರಿಯುತ್ತೆ.

ನಮ್ಮನೆಯವ್ರೂ ಮೈದುನನೂ ಆಫೀಸಿಗೆ ಹೋಗಿ ದುಡ್ಡು ಕೇಳಿದ್ರು. ಆಗ ಅವರು ನಮ್ಮ ರಶೀದಿನೇ ನಮಗೆ ತೋರ್ಸಿದ್ರು. ಅದರಲ್ಲಿ ಫೀಸ್ ಅಂತ ಎಲ್ಲೂ ಇಲ್ಲ, ಅಷ್ಟೂ "ದೇಣಿಗೆ" ಅಂತ ಬರ್ದಿದಾರೆ. ದೇಣಿಗೆ ವಾಪಸ್ ಕೊಡೋ ಪದ್ಧತಿ ಇಲ್ಲ ಅಂದ್ರು. ಆಮೇಲೆ ಗ್ರೂಪಿಂದ ನನ್ನ ತೆಗೆದ್ರು, ಇನ್ನೊಬ್ಬ ತಾಯಿ ನನ್ನ ಪರ ಮಾತಾಡಿದ್ಲು ಅಂತ ಅವಳನ್ನೂ ತೆಗೆದ್ರು. ಅವರು ಕೊಟ್ಟ ಅಸೆಸ್‌ಮೆಂಟ್ ಪೇಪರ್ ಸ್ಕೂಲಿಗೆ ಒಯ್ದು ಕೊಟ್ರೆ ಹೆಡ್‌ಮಿಸ್ ಒಂದೇ ಮಾತು ಕೇಳಿದ್ರು, ಸಹಿ ಮಾಡಿರೋರ ರಿಜಿಸ್ಟ್ರೇಷನ್ ನಂಬರ್ ಎಲ್ಲಿದೆ ಅಂತ. ಇರ್ಲಿಲ್ಲ. ಒಂದು ರಬ್ಬರ್ ಸ್ಟ್ಯಾಂಪು, ಕೆಳಗೆ ಕನ್ಸಲ್ಟೆಂಟ್ ಅಂತ, ಅಷ್ಟೇ.

ಆ ನಂಬರ್ ಅಂದ್ರೇನು ಅಂತ ನನಗೆ ಆಗ್ಲೇ ಗೊತ್ತಾಗಿದ್ದು. ಇಂಥ ಮಕ್ಕಳಿಗೆ ಹೇಳಿಕೊಡೋ ಸ್ಪೆಷಲ್ ಎಜುಕೇಟರ್ ಆಗ್ಲಿ, ಪರೀಕ್ಷೆ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಆಗ್ಲಿ ಆರ್‌ಸಿಐ ಅಂದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಹೆಸರು ನೋಂದಾಯಿಸಿರ್ಬೇಕು, 1992ರಿಂದ ಇರೋ ಕಾಯ್ದೆ ಅದು. ನೋಂದಾಯಿಸಿದ್ರೆ ಸಿಆರ್‌ಆರ್ ನಂಬರ್ ಅಂತ ಕೊಡ್ತಾರೆ, ಅದಕ್ಕೆ ಅವಧಿನೂ ಇರುತ್ತೆ, ಕೌನ್ಸಿಲ್ ವೆಬ್‌ಸೈಟಲ್ಲಿ ಹಾಕಿ ನೋಡ್ಬೋದು. ನಿಜವಾಗಿ ಓದಿರೋರು ಈ ನಂಬರ್ ಕೇಳಿದ್ರೆ ಬೇಜಾರು ಮಾಡ್ಕೊಳಲ್ಲ, ಸರ್ಟಿಫಿಕೇಟೇ ತೋರಿಸ್ತಾರೆ. ನಮಗೆ ಬಂದಿದ್ದ ಟೀಚರನ್ನ ನಾನು ಕೇಳಿದ್ದಿದ್ರೆ ಮೊದಲ ದಿನವೇ ಮುಗೀತಿತ್ತು. ಇನ್ನೊಂದು, ಅವರು ತಾವು ದೊಡ್ಡ ಸ್ಕೂಲಲ್ಲಿ ಟೀಚರ್ ಅಂತ ಹೇಳ್ಕೊಂಡಿದ್ರು, ನಮಗೆ ಅದೇ ದೊಡ್ಡ ಭರವಸೆ ಆಗಿತ್ತು, ಆದ್ರೆ 2009ರ ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡೋ ಹಂಗೇ ಇಲ್ವಂತೆ.

ಟ್ರಸ್ಟ್ ಅಂತ ಹೆಸರು ಇಟ್ಕೊಂಡ ಮಾತ್ರಕ್ಕೆ ನಂಬ್ಬೇಡಿ. ರಿಜಿಸ್ಟ್ರೇಷನ್ ನಂಬರ್ ಕೇಳಿ, ಪ್ಯಾನ್ ಯಾರ ಹೆಸರಲ್ಲಿದೆ ನೋಡಿ, ನೀತಿ ಆಯೋಗದ ಎನ್‌ಜಿಓ ದರ್ಪಣ್ ಅಂತ ಪೋರ್ಟಲ್ ಇದೆ, ಅಲ್ಲಿ ಸಂಸ್ಥೆ ಹೆಸರು ಹಾಕಿ ಹುಡುಕಿ. ಅಲ್ಲಿ ಹೆಸರು ಇದ್ದಮಾತ್ರಕ್ಕೆ ಒಳ್ಳೇವ್ರು ಅಂತಲ್ಲ, ಆದ್ರೆ ನಂಬರ್ ಕೇಳಿದ ಕೂಡ್ಲೇ ಮುಖ ಗಂಟಿಕ್ಕಿದ್ರೆ ನಿಮಗೆ ಗೊತ್ತಾಗ್ಬೇಕಾದ್ದು ಗೊತ್ತಾಗುತ್ತೆ. ರಶೀದಿನ ಅಲ್ಲೇ ನಿಂತು ಓದಿ, ಫೀಸ್ ಕೊಟ್ಟಿದ್ರೆ ಫೀಸ್ ಅಂತಾನೇ ಬರೆಸ್ಕೊಳ್ಳಿ. ತಿಂಗಳು ಮುಗಿದ್ ಮೇಲೆ ತಿಂಗಳದ್ದು ಕೊಡಿ. ಕಾಗದಪತ್ರದ ಒರಿಜಿನಲ್ ಯಾರಿಗೂ ಕೊಡ್ಬೇಡಿ, ಜೆರಾಕ್ಸ್ ಸಾಕು, ನಮ್ಮ ಹುಡುಗನ ಜಾತಿ ಪ್ರಮಾಣಪತ್ರದ ಒರಿಜಿನಲ್ ವಾಪಸ್ ಇಸ್ಕೊಳ್ಳೋಕೆ ಮೂರು ಸಲ ಅಲೆದಿದೀನಿ. ಬಾಗಿಲು ವಿಷಯ ಅಂತೂ ಕಾಲಿಗೆ ಬಿದ್ದು ಕೇಳ್ಕೊತೀನಿ, ಯಾರೇ ಟೀಚರ್ ಬಂದ್ರೂ ಹಾಲಲ್ಲಿ, ನಿಮ್ಮ ಕಣ್ಣೆದುರಿಗೇ ಕೂರ್ಸಿ. ನಮಗೆ ಮೊಬೈಲಿಗೆ ಮುಗೀತು, ಎಲ್ಲರಿಗೂ ಅಷ್ಟಕ್ಕೇ ಮುಗಿಯುತ್ತೆ ಅಂತ ಏನಿಲ್ಲ. ಮಗುಗೆ ಹೊಡೆತ, ಕಿರುಕುಳ ಅಂತ ಏನಾದ್ರೂ ಅನುಮಾನ ಬಂದ್ರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ.

ಎಲ್ಲಕ್ಕಿಂತ ಹೊಟ್ಟೆಗೆ ಸಂಕಟ ಆಗೋದು ಏನಂದ್ರೆ, ನಾವು ಹುಡುಕ್ತಾ ಇದ್ದದ್ದು ನಮ್ಮೂರಲ್ಲೇ ಇತ್ತು. ದಾವಣಗೆರೇಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಕಾಂಪೋಸಿಟ್ ರೀಜನಲ್ ಸೆಂಟರ್ ಅಂತ, ಅಂಗವಿಕಲರಿಗೆ ಅಂತಾನೇ ಇರೋದು, ಸೈಕಾಲಜಿ, ಸ್ಪೀಚ್ ಥೆರಪಿ, ಸ್ಪೆಷಲ್ ಎಜುಕೇಷನ್ ಎಲ್ಲಾ ವಿಭಾಗ ಐತೆ. ಕ್ಲಾಸ್ ಟೀಚರ್ ನನಗೆ ಮೊದ್ಲೇ ಒಂದ್ಸಲ ಸಿಆರ್‌ಸಿ ಅಂದಿದ್ರು, ಸ್ಕೂಲ್ ಕಡೆ ಸಿಆರ್‌ಸಿ ಅಂದ್ರೆ ಕ್ಲಸ್ಟರ್ ರಿಸೋರ್ಸ್ ಸೆಂಟರ್ ಅನ್ನೋ ಶಿಕ್ಷಣ ಇಲಾಖೆ ಆಫೀಸು ಅಲ್ವಾ, ನಾನು ಅದೇ ಅನ್ಕೊಂಡು ಅಲ್ಲಿ ನಮಗೇನು ಕೆಲ್ಸ ಅಂತ ಬಿಟ್ಬಿಟ್ಟೆ. ಎರಡೂ ಬೇರೆ ಬೇರೆ, ನೀವು ಆ ತಪ್ಪು ಮಾಡ್ಬೇಡಿ. ಸರ್ಕಾರಿ ಶಾಲೆ ಮಕ್ಕಳಾದ್ರೆ ಬಿಆರ್‌ಸಿ ಅಂದ್ರೆ ಬ್ಲಾಕ್ ರಿಸೋರ್ಸ್ ಸೆಂಟರ್ ಆಫೀಸಲ್ಲಿ ಬಿಐಇಆರ್‌ಟಿ ಅಂತ ಶಿಕ್ಷಕರು ಇರ್ತಾರೆ, ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತಾನೇ, ಅವರನ್ನ ಕೇಳಿ.

ಸರಿಯಾದ ಪರೀಕ್ಷೆ ಹೆಂಗಿರುತ್ತೆ ಅಂತ ಈಗ ನೋಡಿದೀನಿ. ಮೊದ್ಲು ಕಣ್ಣು ಕಿವಿ ಸರಿ ಇದೆಯಾ ಅಂತ ಟೆಸ್ಟ್, ಆಮೇಲೆ ಬುದ್ಧಿಮಟ್ಟದ ಪರೀಕ್ಷೆ ಬೇರೆ, ಓದೋದು ಬರೆಯೋದು ಲೆಕ್ಕ ಅಂತ ಬೇರೆ ಬೇರೆ, ಹುಡುಗನಿಗೆ ಸುಸ್ತಾದ್ರೆ ಇನ್ನೊಂದು ದಿನ ಬನ್ನಿ ಅಂತಾರೆ. ಸ್ಕೂಲ್ ನೋಟ್ಸ್ ತನ್ನಿ ಅಂತಾರೆ, ಮನೇಲಿ ಹೆಂಗೆ ಅಂತ ನಮ್ಮನ್ನ ಕೂರ್ಸಿ ಕೇಳ್ತಾರೆ. ಇಪ್ಪತ್ತು ನಿಮಿಷದಲ್ಲಿ "ಸಿವಿಯರ್" ಅಂತ ಯಾರೂ ಹೇಳೋಕಾಗಲ್ಲ. ಸರ್ಟಿಫಿಕೇಟ್ ಸರಿಯಾದ ಕಡೆಯಿಂದಾನೇ ಬೇಕು, ಯಾಕಂದ್ರೆ ಮುಂದೆ ಎಸ್‌ಎಸ್‌ಎಲ್‌ಸಿಲಿ ಹೆಚ್ಚಿನ ಟೈಮು, ಬರೆಯೋಕೆ ಇನ್ನೊಬ್ರು ಬೇಕು ಅಂದ್ರೆ ಅದನ್ನೇ ಕೇಳ್ತಾರೆ.

ಈಗ ಒಬ್ರು ಸ್ಪೆಷಲ್ ಎಜುಕೇಟರ್ ಹೇಳಿಕೊಡ್ತಿದಾರೆ, ನಂಬರ್ ನೋಡಿಯೇ ಒಪ್ಪಿಕೊಂಡಿದ್ದು. ತಟ್ಟೇಲಿ ರವೆ ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸ್ತಾರೆ, ಬಾಯಲ್ಲಿ ಆ ಸದ್ದು ಹೇಳ್ತಾ ಹೇಳ್ತಾ, ಒತ್ತಕ್ಷರಕ್ಕೆ ಮಾತ್ರ ಕೆಂಪು ಪೆನ್ಸಿಲ್. ನಿಧಾನ ಆಗುತ್ತೆ, ಮೂರು ತಿಂಗಳಲ್ಲಿ ಪೇಪರ್ ಓದಿಸ್ತೀನಿ ಅಂತ ನಾನು ಹೇಳಲ್ಲ ಅಂತ ಮೊದಲ ದಿನವೇ ಅಂದ್ರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ದುಡ್ಡಿನ ವಿಷಯ ಏನಾಯ್ತು ಅಂತ ಕೇಳೋರಿಗೆ, ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿದ್ ಮೇಲೆ 6,000 ಬಂತು, ಮಿಕ್ಕಿದ್ದು ಬಂದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕ್ತಿದೀವಿ. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ರೆ ಅಲ್ಲಿ ಫೀಸ್ ಇಲ್ಲ, ವಕೀಲರಿಲ್ದೆ ನಾವೇ ಹಾಕ್ಬೋದು, ಎರಡು ವರ್ಷದೊಳಗೆ ಹಾಕ್ಬೇಕು, ಹೆಂಗೆ ಏನು ಅಂತ ಕೇಳೋಕೆ 1915 ಅಂತ ಗ್ರಾಹಕರ ಸಹಾಯವಾಣಿ ಇದೆ. ಯುಪಿಐ ಸ್ಕ್ರೀನ್‌ಶಾಟು, ಗ್ರೂಪಿನ ಚಾಟು, ರಶೀದಿ ಎಲ್ಲಾ ಪ್ರಿಂಟ್ ತೆಗೆದು ಫೈಲ್ ಮಾಡಿದೀನಿ. ನೀವೂ ಇಂಥದ್ದರಲ್ಲಿ ಸಿಕ್ಕಿದ್ರೆ ಗ್ರೂಪಿಂದ ತೆಗೆಯೋ ಮುಂಚೆನೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ.

ಆ ನೋಟ್‌ಬುಕ್ಕೂ ಫೈಲಿಗೆ ಸೇರಿಸ್ತಿದ್ದೆ, ಹುಡುಗ ಬಂದು ಪಕ್ಕ ನಿಂತ. ಮೊದಲನೇ ಪುಟ ತೆಗೆದು, ತಲೆಕಟ್ಟೆಲ್ಲ ಮೇಲೆ ಹಾರ್ತಾ ಇರೋ ಆ ಒಂದು ಪುಟದ ಮೇಲೆ ಬೆರಳಿಟ್ಟು, "ಇದು ನಾನೇ ಬರ್ದಿದ್ದು, ಇದನ್ನ ಅವ್ರಿಗೆ ಕೊಡ್ಬೇಡ ಅಮ್ಮ" ಅಂದ. ಆ ಪುಟ ಹರಿದು ಅವನ ಕೈಗೇ ಕೊಟ್ಟೆ, ಫೈಲಲ್ಲಿ ಅದರ ಜೆರಾಕ್ಸ್ ಇಟ್ಟಿದೀನಿ.